‘ವಿಂಡೋಸ್ ಹಾಕಿಕೊಡಿ’: ರಿಪೇರಿ ಅಂಗಡಿಯ ಪಾಠಗಳು

ತೊಂಬತ್ತರ ದಶಕದ ಕೊನೆಗೆ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಕಂಪ್ಯೂಟರ್ ಜೋಡಿಸಿಕೊಡುವ ಅಂಗಡಿಗಳು ಬರೆದುಕೊಡುತ್ತಿದ್ದ ಕೊಟೇಶನ್ ಚೀಟಿಗೆ ಒಂದು ಸಿದ್ಧ ಕ್ರಮವಿತ್ತು. ಪ್ರೊಸೆಸರ್, ಮದರ್‌ಬೋರ್ಡ್, ರ‍್ಯಾಮ್, ಹಾರ್ಡ್ ಡಿಸ್ಕ್, ಫ್ಲಾಪಿ ಡ್ರೈವ್, ಕ್ಯಾಬಿನೆಟ್, ಮಾನಿಟರ್, ಕೀಬೋರ್ಡ್, ಮೌಸ್. ಮೌಸ್ ಪ್ಯಾಡಿಗೂ ಒಂದು ಸಾಲು, ಅದರ ಮುಂದೆ ‘ಫ್ರೀ’ ಎಂಬ ಮಾತು. ಆಪರೇಟಿಂಗ್ ಸಿಸ್ಟಂಗೆ ಮಾತ್ರ ಸಾಲೇ ಇರುತ್ತಿರಲಿಲ್ಲ. ಆದರೂ ಮನೆಗೆ ಒಯ್ದು ಸ್ವಿಚ್ ಹಾಕಿದರೆ ವಿಂಡೋಸ್ 98 ತೆರೆದುಕೊಳ್ಳುತ್ತಿತ್ತು. ನಾನು ಈ ಕಸುಬಿಗೆ ಇಳಿದದ್ದು ಆ ಕಾಲದಲ್ಲಿ. ಅಂಗಡಿ ತುಮಕೂರಿನಲ್ಲಿ, ಬಿಡಿಭಾಗಕ್ಕೆ ಎಸ್.ಪಿ. ರೋಡು. ಕೌಂಟರಿನ ಈಚೆ ಕೂತು ಕಲಿತದ್ದನ್ನು ಕೆಳಗೆ ಬರೆದಿದ್ದೇನೆ. ಸಂಖ್ಯೆ ಹಾಕಿರುವುದು ಓದುವ ಅನುಕೂಲಕ್ಕೆ, ಮಹತ್ವಕ್ಕೆ ತಕ್ಕಂತೆ ಅಲ್ಲ.

1. ಕದಿಯುವ ನಿರ್ಧಾರ ಗಿರಾಕಿಯದಾಗಿರಲಿಲ್ಲ

ಕಂಪ್ಯೂಟರ್ ಕೊಳ್ಳಲು ಬರುತ್ತಿದ್ದವರಲ್ಲಿ ಬಹಳ ಮಂದಿಗೆ ವಿಂಡೋಸ್ ಅನ್ನುವುದು ಬೇರೆ ಸರಕು, ಅದಕ್ಕೆ ಬೇರೆ ಬೆಲೆ ಅನ್ನುವುದೇ ಗೊತ್ತಿರಲಿಲ್ಲ. ಟಿವಿ ತಂದರೆ ಚಿತ್ರ ಬರುವ ಹಾಗೆ ಕಂಪ್ಯೂಟರ್ ತಂದರೆ ವಿಂಡೋಸ್ ಬರುತ್ತದೆ ಎಂದುಕೊಂಡಿದ್ದರು. ಗೊತ್ತಿದ್ದವನು ಜೋಡಿಸುವವನು. ಆ ಸಾಲನ್ನು ಬಿಲ್ಲಿಗೆ ಸೇರಿಸಿದರೆ ಮೊತ್ತ ಕೆಲವು ಸಾವಿರ ಏರುತ್ತದೆ, ಪಕ್ಕದ ಅಂಗಡಿಯವನು ಸೇರಿಸುವುದಿಲ್ಲ, ಗಿರಾಕಿ ಚೀಟಿ ಮಡಿಚಿಕೊಂಡು ಅಲ್ಲಿಗೇ ಹೋಗುತ್ತಾನೆ. ಹೀಗಾಗಿ ಬೀದಿಯ ಲೆಕ್ಕಾಚಾರವೇ ಎಲ್ಲರ ಪರವಾಗಿ ತೀರ್ಮಾನ ಮಾಡಿಬಿಡುತ್ತಿತ್ತು. ‘ಜನ ಕಳ್ಳರು’ ಎಂದು ಸುಲಭವಾಗಿ ಬರೆಯುವವರು ಈ ಬೀದಿಯಲ್ಲಿ ಒಂದು ದಿನವೂ ವ್ಯಾಪಾರ ಮಾಡಿದವರಲ್ಲ.

ತಡೆಯೂ ನಾಮಕಾವಾಸ್ತೆಯದೇ. ವಿಂಡೋಸ್ 95ರ ಸಿಡಿ ಕೀಯಲ್ಲಿ ಕೊನೆಯ ಏಳು ಅಂಕಿಗಳನ್ನು ಕೂಡಿದರೆ ಬರುವ ಮೊತ್ತ ಏಳರಿಂದ ಭಾಗವಾದರೆ ಸಾಕು, ಇನ್‌ಸ್ಟಾಲರ್ ಒಪ್ಪಿಕೊಳ್ಳುತ್ತಿತ್ತು. ಸಾಲಾಗಿ ಬರೀ ಒಂದುಗಳನ್ನು ಒತ್ತಿದರೂ ನಡೆಯುತ್ತಿತ್ತು. 98ಕ್ಕೆ 25 ಅಕ್ಷರಗಳ ಕೀ ಬಂತು, ಆದರೆ ಪರೀಕ್ಷೆ ನಡೆಯುತ್ತಿದ್ದದ್ದು ನಿಮ್ಮ ಯಂತ್ರದೊಳಗೇ. ಅದೇ ಕೀಯನ್ನು ಊರಲ್ಲಿ ಇನ್ನೆಷ್ಟು ಮನೆಯಲ್ಲಿ ಹಾಕಿದ್ದಾರೆ ಎಂದು ಯಾರಿಗೂ ತಿಳಿಯುವ ದಾರಿಯಿರಲಿಲ್ಲ. ಸಿಡಿಯ ಮೇಲೆ ಮಾರ್ಕರ್ ಪೆನ್ನಿನಲ್ಲಿ ಕೀ ಬರೆದಿರುತ್ತಿತ್ತು. ಕೈಯಿಂದ ಕೈಗೆ ದಾಟಿ ಅಕ್ಷರ ಅಳಿಸಿದಾಗ ಮತ್ತೆ ಅದರ ಮೇಲೇ ತಿದ್ದುತ್ತಿದ್ದರು.

ಮೈಕ್ರೋಸಾಫ್ಟಿನ ಬಿಲ್ ಗೇಟ್ಸ್ 1976ರಲ್ಲೇ, ಕಂಪನಿ ಇನ್ನೂ ಕೂಸಾಗಿದ್ದಾಗ, ತಮ್ಮ ಬೇಸಿಕ್ ಪ್ರೋಗ್ರಾಮನ್ನು ಕಾಸು ಕೊಡದೆ ನಕಲು ಮಾಡುತ್ತಿದ್ದ ಹವ್ಯಾಸಿಗಳಿಗೆ ಬಹಿರಂಗ ಪತ್ರ ಬರೆದು ಬೈದಿದ್ದರು. ಅದೇ ಗೇಟ್ಸ್ 1998ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಚೀನಾದ ಮಾತು ಬಂದಾಗ, ಹೇಗೂ ಕದಿಯುತ್ತಾರೆಂದರೆ ನಮ್ಮದನ್ನೇ ಕದಿಯಲಿ, ಅಭ್ಯಾಸವಾದ ಮೇಲೆ ವಸೂಲಿಯ ದಾರಿ ಕಂಡುಕೊಂಡರಾಯಿತು ಎಂಬರ್ಥದ ಮಾತಾಡಿದರು. ಎರಡರ ನಡುವೆ 22 ವರ್ಷ. ನಮ್ಮ ಬೀದಿಯಲ್ಲಿ ನಡೆದದ್ದು ಎರಡನೆಯದು. ಬೇರೆ ಯಾವ ಆಪರೇಟಿಂಗ್ ಸಿಸ್ಟಂಗೂ ಇಲ್ಲಿ ಜಾಗ ಸಿಗದಿದ್ದಕ್ಕೆ ಆ ಮಾರ್ಕರ್ ಪೆನ್ನಿನ ಸಿಡಿಗಳೂ ಒಂದು ಕಾರಣ.

2. ದೊಡ್ಡ ಗಿರಾಕಿಗೆ ಬಿಟ್ಟ ಬಾಗಿಲಿನಲ್ಲಿ ಊರೇ ನುಗ್ಗುತ್ತದೆ

2001ರ ಅಕ್ಟೋಬರ್ 25ರಂದು ವಿಂಡೋಸ್ ಎಕ್ಸ್‌ಪಿ ಬಿಡುಗಡೆಯಾಯಿತು, ಅದರ ಜೊತೆ ‘ಆಕ್ಟಿವೇಶನ್’ ಎಂಬ ಮಾತೂ ಮನೆ ಕಂಪ್ಯೂಟರಿಗೆ ಬಂತು. ಇನ್‌ಸ್ಟಾಲ್ ಮಾಡಿದ 30 ದಿನದೊಳಗೆ ಇಂಟರ್‌ನೆಟ್ ಮೂಲಕವೋ ಫೋನಿನ ಮೂಲಕವೋ ಕಂಪನಿಯ ಒಪ್ಪಿಗೆ ಪಡೆಯಬೇಕು. ತುಮಕೂರಿನಂಥ ಊರಲ್ಲಿ ಆಗ ಇಂಟರ್‌ನೆಟ್ ಅಂದರೆ ಡಯಲ್‌ಅಪ್ ಮೋಡೆಮ್ಮಿನ ಕಿರಿಚಾಟ. ಹಾಗಾಗಿ ಅಸಲಿ ಎಕ್ಸ್‌ಪಿ ಕೊಂಡ ಅಪರೂಪದ ಗಿರಾಕಿಗೆ ಫೋನೇ ಗತಿ. ಪರದೆಯ ಮೇಲೆ ಆರಾರು ಅಂಕಿಗಳ ಗುಂಪಿನಲ್ಲಿ ಒಟ್ಟು 50 ಅಂಕಿ ಮೂಡುತ್ತಿತ್ತು. ಒಬ್ಬರು ಓದುವುದು, ಇನ್ನೊಬ್ಬರು ಫೋನಿಗೆ ಹೇಳುವುದು, ಅತ್ತಲಿಂದ ಬಂದ ಅಂಕಿಗಳನ್ನು ಬಿಲ್ ಪುಸ್ತಕದ ಹಿಂಬದಿಗೆ ಬರೆದುಕೊಂಡು ತುಂಬುವುದು. ನಡುವೆ ಕರೆಂಟು ಹೋಯಿತೋ, ಮತ್ತೆ ಮೊದಲಿನಿಂದ.

ಆ ಅಂಕಿಗಳಲ್ಲಿ ಏನಿದೆ ಎಂಬುದರ ಮೇಲೆ ಆಗ ದೊಡ್ಡ ಗುಲ್ಲೆದ್ದಿತ್ತು, ನಮ್ಮ ಗುಟ್ಟೆಲ್ಲ ಅಮೆರಿಕಕ್ಕೆ ಹೋಗುತ್ತದೆ ಎಂಬಷ್ಟರ ಮಟ್ಟಿಗೆ. ಬರ್ಲಿನ್ನಿನ ಫುಲ್ಲಿ ಲೈಸೆನ್ಸ್ಡ್ ಎಂಬ ಸಣ್ಣ ಕಂಪನಿ 2001ರಲ್ಲೇ ಅದನ್ನು ಬಿಚ್ಚಿ ನೋಡಿತು. ಪ್ರೊಸೆಸರ್, ಹಾರ್ಡ್ ಡಿಸ್ಕ್, ಗ್ರಾಫಿಕ್ಸ್ ಕಾರ್ಡ್, ನೆಟ್‌ವರ್ಕ್ ಕಾರ್ಡ್, ರ‍್ಯಾಮಿನ ಅಳತೆ ಇಂಥ ಹತ್ತು ಭಾಗಗಳ ಗುರುತನ್ನು ಅರೆದು ಕೆಲವೇ ಬಿಟ್‌ಗಳಷ್ಟು ಉಳಿಸಿ ಕಳಿಸುತ್ತಾರೆ, ಅದನ್ನು ಹಿಂದಕ್ಕೆ ಬಿಡಿಸಿ ನಿಮ್ಮ ಬಳಿ ಯಾವ ಕಾರ್ಡ್ ಇದೆ ಎಂದು ಹೇಳಲಾಗದು ಎಂದು ಬರೆಯಿತು. ಒಂದೆರಡು ಭಾಗ ಬದಲಾದರೆ ತಕರಾರಿಲ್ಲ. ಹಲವು ಒಟ್ಟಿಗೆ ಬದಲಾದರೆ ಹೊಸ ಯಂತ್ರ ಎಂದೇ ಲೆಕ್ಕ. ನೆಟ್‌ವರ್ಕ್ ಕಾರ್ಡ್ ಹಳೆಯದೇ ಉಳಿದಿದ್ದರೆ ಒಂದಿಷ್ಟು ಹೆಚ್ಚು ಸಡಿಲ. ರಿಪೇರಿಯವನಿಗೆ ಇದು ತಿಳಿದಿದ್ದರೆ ಗಿರಾಕಿಗೆ ಮೊದಲೇ ಹೇಳಬಹುದು: ‘ಬೋರ್ಡೂ ಡಿಸ್ಕೂ ಒಟ್ಟಿಗೇ ಬದಲಾಯಿಸ್ತಿದೀವಿ, ಮತ್ತೆ ಫೋನ್ ಮಾಡ್ಬೇಕಾಗುತ್ತೆ.’

ಇಷ್ಟೆಲ್ಲ ಬಿಗಿ ಮಾಡಿದ ಎಕ್ಸ್‌ಪಿ ನಮ್ಮಲ್ಲಿ ಅತಿ ಹೆಚ್ಚು ನಕಲಾದ ವಿಂಡೋಸ್ ಆಯಿತು. ಸಾವಿರಾರು ಯಂತ್ರಗಳಿರುವ ಕಂಪನಿಗಳು ಒಂದೊಂದಕ್ಕೂ ಫೋನು ಮಾಡುತ್ತಾ ಕೂರುತ್ತವೆಯೇ? ಅವುಗಳಿಗೆಂದು ಆಕ್ಟಿವೇಶನ್ ಬೇಡದ ವಾಲ್ಯೂಮ್ ಲೈಸೆನ್ಸ್ ಆವೃತ್ತಿ ಬೇರೆ ಇತ್ತು. ಅಂಥ ಒಂದು ಕೀ, ಎಫ್‌ಸಿಕೆಜಿಡಬ್ಲ್ಯೂ ಎಂದು ಶುರುವಾಗುವುದು, ಎಕ್ಸ್‌ಪಿ ಅಂಗಡಿಗೆ ಬರುವ ಮುಂಚೆಯೇ ಸಿಡಿಯ ಸಮೇತ ಸೋರಿತು. ಎಸ್.ಪಿ. ರೋಡಿನ ಹುಡುಗರು ಆ 25 ಅಕ್ಷರಗಳನ್ನು ಕೀಬೋರ್ಡ್ ನೋಡದೆ ಒತ್ತುತ್ತಿದ್ದರು. 2002ರ ಸೆಪ್ಟೆಂಬರಿನಲ್ಲಿ ಬಂದ ಮೊದಲ ಸರ್ವಿಸ್ ಪ್ಯಾಕ್ ಅದನ್ನು ನಿರಾಕರಿಸಿತು; ಅಷ್ಟರಲ್ಲಿ ಬೇರೆ ವಾಲ್ಯೂಮ್ ಕೀಗಳು ಬೀದಿಗೆ ಬಂದಿದ್ದವು. ಅಸಲಿ ಕೊಂಡವನು ಫೋನಿನಲ್ಲಿ ಅಂಕಿ ಓದುತ್ತಿದ್ದ. ನಕಲಿ ಹಾಕಿಸಿಕೊಂಡವನಿಗೆ ಆಕ್ಟಿವೇಶನ್ ಎಂಬ ಪದ ಕೇಳಿಯೇ ಗೊತ್ತಿರಲಿಲ್ಲ.

3. ಕಳ್ಳ ಸಿಡಿಯಲ್ಲಿ ಮೊದಲು ಕತ್ತರಿ ಬೀಳುವುದು ಕನ್ನಡಕ್ಕೆ

ಎಕ್ಸ್‌ಪಿಯಲ್ಲಿ ಕನ್ನಡಕ್ಕೆ ತುಂಗಾ ಎಂಬ ಫಾಂಟ್ ಇತ್ತು, ಒತ್ತಕ್ಷರ ಸರಿಯಾಗಿ ಕೂರಿಸುವ ವ್ಯವಸ್ಥೆಯೂ ಇತ್ತು. ಆದರೆ ಅದು ತಾನಾಗಿ ಚಾಲೂ ಆಗಿರುತ್ತಿರಲಿಲ್ಲ. ಕಂಟ್ರೋಲ್ ಪ್ಯಾನೆಲ್ಲಿಗೆ ಹೋಗಿ, ಭಾಷೆಗಳ ಪುಟ ತೆರೆದು, ‘ಕಾಂಪ್ಲೆಕ್ಸ್ ಸ್ಕ್ರಿಪ್ಟ್’ ಎಂಬುದರ ಮುಂದೆ ಟಿಕ್ ಹಾಕಬೇಕು. ಹಾಕಿದ ತಕ್ಷಣ ಎಕ್ಸ್‌ಪಿ ಸಿಡಿ ತುರುಕು ಎಂದು ಕೇಳುತ್ತಿತ್ತು.

ಮೊದಲ ತೊಡಕು ಅಲ್ಲೇ. ಮನೆಯಲ್ಲಿ ಸಿಡಿಯೇ ಇಲ್ಲ. ಜೋಡಿಸಿದವನು ತನ್ನ ಸಿಡಿಯಿಂದ ಹಾಕಿ ಜೇಬಿಗಿಳಿಸಿಕೊಂಡು ಹೋಗಿದ್ದಾನೆ. ಅವನನ್ನೇ ಕರೆಸಿದರೂ ಕೆಲಸ ಆಗುತ್ತದೆಂದಿಲ್ಲ. 2005ರ ನಂತರ ಬೀದಿಯಲ್ಲಿ ಓಡುತ್ತಿದ್ದದ್ದು ‘ಲೈಟ್’ ಸಿಡಿಗಳು. ಹಳೆಯ ಯಂತ್ರದಲ್ಲೂ ಚುರುಕಾಗಿ ಓಡಲಿ, ಬೇಗ ಇನ್‌ಸ್ಟಾಲ್ ಆಗಲಿ ಎಂದು ಯಾರೋ ಎಲ್ಲೋ ಕೂತು ಬೇಡದ್ದನ್ನೆಲ್ಲ ಕತ್ತರಿಸಿ ಕಟ್ಟಿದ ಎಕ್ಸ್‌ಪಿ. ಕತ್ತರಿಸುವವನಿಗೆ ಮೊದಲು ಬೇಡವೆನಿಸಿದ್ದು ಪೂರ್ವ ಏಷ್ಯಾದ ಮತ್ತು ಭಾರತದ ಭಾಷೆಗಳ ಫೈಲುಗಳಿದ್ದ ಫೋಲ್ಡರ್. ಅಂಥ ಸಿಡಿಯನ್ನು ತುರುಕಿದರೆ ಫೈಲ್ ಸಿಗಲಿಲ್ಲ ಎಂಬ ಸಂದೇಶ ಬರುತ್ತದೆ, ಮತ್ತೆ ಕೇಳುತ್ತದೆ, ಮತ್ತೆ ಸಿಗಲಿಲ್ಲ.

ಫಲ ಏನೆಂದರೆ ಕನ್ನಡ ವಿಕಿಪೀಡಿಯ ತೆರೆದರೂ ಬ್ಲಾಗ್ ತೆರೆದರೂ ಸಾಲು ಸಾಲು ಚೌಕಗಳು. ಎಲ್ಲಿಂದಲೋ ಫಾಂಟ್ ತಂದು ಹಾಕಿದರೆ ಚೌಕ ಹೋಗಿ ಅಕ್ಷರ ಬರುತ್ತಿತ್ತು, ಆದರೆ ‘ಅಕ್ಕ’ ಎಂಬುದು ಅ, ಕ್, ಕ ಎಂದು ಬಿಡಿಬಿಡಿಯಾಗಿ ನಿಂತಿರುತ್ತಿತ್ತು. ನಿವೃತ್ತ ಮೇಷ್ಟ್ರೊಬ್ಬರು ಅಂಗಡಿಗೆ ಬಂದು, ‘ಕಂಪ್ಯೂಟರಿಗೆ ಕನ್ನಡ ಇನ್ನೂ ಬರಲ್ಲ ಅಂತ ಕಾಣತ್ತೆ’ ಎಂದಿದ್ದರು. ಬರುತ್ತಿತ್ತು. ಅವರ ಯಂತ್ರದಿಂದ ಅದನ್ನು ಕಿತ್ತು ಹಾಕಿದ್ದರು, ಅಷ್ಟೆ. ಅತ್ತ ನುಡಿ, ಬರಹ ಎಂಬ ಕನ್ನಡ ತಂತ್ರಾಂಶಗಳ ಹಳೆಯ ಎನ್‌ಕೋಡಿಂಗಿಗೆ ಇದ್ಯಾವುದೂ ಬೇಕಿರಲಿಲ್ಲ, ಯಾವ ಕಳ್ಳ ಎಕ್ಸ್‌ಪಿಯಲ್ಲೂ ಓಡುತ್ತಿದ್ದವು. ಯೂನಿಕೋಡ್ ಕನ್ನಡ ನಮ್ಮ ಕಚೇರಿಗಳಿಗೆ ತಡವಾಗಿ ಇಳಿದದ್ದಕ್ಕೆ ಬೇರೆ ಕಾರಣಗಳೂ ಇವೆ, ಸರಿ. ಈ ‘ಲೈಟ್’ ಸಿಡಿಗಳನ್ನು ಮಾತ್ರ ಯಾರೂ ಲೆಕ್ಕಕ್ಕೆ ಹಿಡಿದದ್ದನ್ನು ನಾನು ಕಂಡಿಲ್ಲ.

4. ಹೆದರಿಕೆ ಅಪ್‌ಡೇಟನ್ನು ಕೊಲ್ಲುತ್ತದೆ

2005ರ ಜುಲೈಯಿಂದ ಮೈಕ್ರೋಸಾಫ್ಟ್ ‘ಜೆನ್ಯೂಯಿನ್ ಅಡ್ವಾಂಟೇಜ್’ ಎಂಬ ತಪಾಸಣೆಯನ್ನು ಕಡ್ಡಾಯ ಮಾಡಿತು. ಮುಂದಿನ ವರ್ಷ ಪರದೆಯ ಮೂಲೆಯಲ್ಲಿ ನಕ್ಷತ್ರದ ಗುರುತು ಬಂತು, ನೀವು ನಕಲಿ ಸಾಫ್ಟ್‌ವೇರಿನ ಬಲಿಪಶುವಾಗಿರಬಹುದು ಎಂಬ ಅನುಕಂಪದ ಮಾತಿನ ಜೊತೆ. 2008ರ ಅಕ್ಟೋಬರಿನಲ್ಲಿ ಅದು ಗಂಟೆಗೊಮ್ಮೆ ಡೆಸ್ಕ್‌ಟಾಪನ್ನು ಕಪ್ಪು ಮಾಡತೊಡಗಿತು. ಚೀನಾದಲ್ಲಿ ಇದಕ್ಕೆ ಭಾರಿ ಕೂಗೆದ್ದಿತು. ನಮ್ಮಲ್ಲಿ ಕೂಗೇನೂ ಏಳಲಿಲ್ಲ, ಸಿಪಿಯುಗಳು ಅಂಗಡಿಗೆ ಬಂದವು. ‘ಮಗಳ ಫೋಟೊ ಹಾಕಿದ್ದೆ, ಹೋಗಿ ಕಪ್ಪಾಗ್ತಾ ಇದೆ, ವೈರಸ್ ನೋಡಿ.’

ಬೀದಿ ಕಂಡುಕೊಂಡ ಮದ್ದು ಸರಳ: ಆಟೊಮ್ಯಾಟಿಕ್ ಅಪ್‌ಡೇಟ್ ಆಫ್ ಮಾಡುವುದು. ಇನ್‌ಸ್ಟಾಲ್ ಮುಗಿದ ಮೇಲೆ ಮಾಡುವ ಮೊದಲ ಕೆಲಸವೇ ಅದಾಯಿತು, ಹುಡುಗರಿಗೆ ಹಾಗೆಂದೇ ಕಲಿಸುತ್ತಿದ್ದರು. ವಿಚಿತ್ರವೆಂದರೆ ನಕಲಿ ಎಕ್ಸ್‌ಪಿಗೂ ಅತ್ಯಗತ್ಯ ಭದ್ರತಾ ತೇಪೆಗಳನ್ನು ಕಂಪನಿ ನಿಲ್ಲಿಸಿರಲಿಲ್ಲ. ಆಟೊಮ್ಯಾಟಿಕ್ ಅಪ್‌ಡೇಟ್ ಮೂಲಕ ಅವು ಬರುತ್ತಲೇ ಇದ್ದವು. ಕಪ್ಪು ಪರದೆಯೂ ಅದೇ ಕೊಳವೆಯಲ್ಲಿ ಬರುತ್ತದೆಂದು ಕೊಳವೆಯನ್ನೇ ಮುಚ್ಚಿದರು. ಮೈಕ್ರೋಸಾಫ್ಟಿಗೂ ಇಲ್ಲಿ ಪಾಲಿದೆ. ದಂಡ ಹಾಕುವವನೂ ಲಸಿಕೆ ಹಾಕುವವನೂ ಒಬ್ಬನೇ ಆದರೆ ಜನ ಬಾಗಿಲು ತೆಗೆಯುವುದಿಲ್ಲ.

ಬೆಲೆ ಕೂಡಲೇ ತೆರಬೇಕಾಯಿತು. 2008ರ ಅಕ್ಟೋಬರ್ 23ರಂದು ವಿಂಡೋಸಿನ ಒಂದು ದೊಡ್ಡ ತೂತಿಗೆ ತೇಪೆ ಬಂದಿತ್ತು. ನವೆಂಬರಿನಲ್ಲಿ ಅದೇ ತೂತಿನಿಂದ ನುಗ್ಗುವ ಕಾನ್‌ಫಿಕರ್ ಹುಳು ಹುಟ್ಟಿತು, ಮುಂದೆ ಪೆನ್ ಡ್ರೈವಿನಿಂದಲೂ ಹರಡುವುದನ್ನು ಕಲಿತುಕೊಂಡಿತು. ಫೋಟೊ ಸ್ಟುಡಿಯೊ, ಜೆರಾಕ್ಸ್ ಅಂಗಡಿ, ಕಾಲೇಜಿನ ಲ್ಯಾಬ್ ಎಲ್ಲಿ ಚುಚ್ಚಿದರೂ ಅಂಟಿಕೊಂಡು ಬರುತ್ತಿತ್ತು. ಅದನ್ನು ಬರೆದವರ ಸುಳಿವು ಕೊಟ್ಟವರಿಗೆ ಎರಡೂವರೆ ಲಕ್ಷ ಡಾಲರ್ ಎಂದು 2009ರ ಫೆಬ್ರವರಿಯಲ್ಲಿ ಮೈಕ್ರೋಸಾಫ್ಟ್ ಸಾರಿತು. 2017ರಲ್ಲಿ ಇದೇ ಕಥೆ ವಾನ್ನಾಕ್ರೈ ಹೆಸರಿನಲ್ಲಿ ಮರುಕಳಿಸಿತು. ಮಾರ್ಚಿನಲ್ಲಿ ತೇಪೆ, ಮೇ 12ಕ್ಕೆ ದಾಳಿ. ನಡುವಿನ ಎರಡು ತಿಂಗಳು ಅಪ್‌ಡೇಟ್ ಆಫ್ ಆಗಿದ್ದವರ ಪಾಲಿಗೆ ಇರಲೇ ಇಲ್ಲ.

5. ಅಸಲಿ ಗಿರಾಕಿಯ ತಕರಾರನ್ನು ಮೊದಲು ನಂಬಿ

‘ನಿಮ್ಮ ವಿಂಡೋಸ್ ಅಸಲಿಯಲ್ಲ’ ಎಂದು ಯಂತ್ರ ಹೇಳಿದರೆ ಯಂತ್ರವೇ ಸರಿ ಎಂದುಕೊಳ್ಳುವ ಚಾಳಿ ನಮ್ಮ ಕಸುಬಿನವರಿಗಿದೆ. 2007ರ ಆಗಸ್ಟ್ 24ರಂದು ಮೈಕ್ರೋಸಾಫ್ಟಿನ ತಪಾಸಣೆ ಸರ್ವರಿಗೆ ಇನ್ನೂ ಸಿದ್ಧವಾಗಿರದ ಕೋಡನ್ನು ಯಾರೋ ತಪ್ಪಿ ಏರಿಸಿದರು. ಮಾರನೆಯ ದಿನ ಸರಿಹೋಗುವಷ್ಟರಲ್ಲಿ ಜಗತ್ತಿನಾದ್ಯಂತ ಸಾವಿರಾರು ಅಸಲಿ ಯಂತ್ರಗಳು ನಕಲಿ ಎನಿಸಿಕೊಂಡಿದ್ದವು. ಕಾಸು ಕೊಟ್ಟು ವಿಂಡೋಸ್ ವಿಸ್ಟಾ ಕೊಂಡವರ ಪರದೆಯಿಂದ ಗಾಜಿನ ಮೆರುಗೂ ಹೋಗಿತ್ತು.

ಸರ್ವರಿನ ತಪ್ಪು ಅಪರೂಪ. ದಿನನಿತ್ಯ ಕಾಣುವುದು ಮದರ್‌ಬೋರ್ಡಿನ ಮೇಲಿನ ನಾಣ್ಯದಂಥ ಬ್ಯಾಟರಿ. ಅದು ಸತ್ತರೆ ಕರೆಂಟು ಹೋದಾಗಲೆಲ್ಲ ಯಂತ್ರದ ತಾರೀಕು ಬೋರ್ಡು ತಯಾರಾದ ಕಾಲಕ್ಕೆ ಹಿಂದೋಡುತ್ತದೆ. ತಾರೀಕು ತಪ್ಪಿದರೆ ಸುರಕ್ಷಿತ ಸಂಪರ್ಕದ ಪ್ರಮಾಣಪತ್ರ ಹೊಂದುವುದಿಲ್ಲ, ಆಕ್ಟಿವೇಶನ್ ಸರ್ವರ್ ಸಿಗುವುದಿಲ್ಲ, ಅರ್ಥವಾಗದ ಎರರ್ ಸಂಖ್ಯೆ ಬರುತ್ತದೆ. ಯುಪಿಎಸ್ ಇಲ್ಲದ ಮನೆಗಳಲ್ಲಿ ಇದು ಸಾಮಾನ್ಯ. ವಿಂಡೋಸ್ ಮತ್ತೆ ಹಾಕಬೇಕೆಂದು ಬಂದ ಎಷ್ಟೋ ಯಂತ್ರಗಳಿಗೆ ಬೇಕಾದದ್ದು ಕೆಲವೇ ರೂಪಾಯಿಗಳ ಬ್ಯಾಟರಿ. ಪರದೆಯ ಮೂಲೆಯ ಗಡಿಯಾರವನ್ನು ನೋಡದೆ ಫಾರ್ಮ್ಯಾಟ್ ಮಾಡುವ ಹುಡುಗನನ್ನು ನಾನು ಕೆಲಸಕ್ಕೆ ಇಟ್ಟುಕೊಳ್ಳುವುದಿಲ್ಲ.

6. ಹಕ್ಕಿದ್ದವನಿಗೇ ಕಳ್ಳಮಾಲು ಹಾಕುತ್ತಾರೆ

ಇದು ನನಗೆ ಅತಿ ಸಿಟ್ಟು ತರಿಸುವ ಸಂಗತಿ. ಲ್ಯಾಪ್‌ಟಾಪಿನ ಬೆನ್ನಿಗೆ ಅಸಲಿ ವಿಂಡೋಸ್ 7 ಹೋಮ್ ಬೇಸಿಕ್‌ನ ಸ್ಟಿಕರ್ ಇರುತ್ತದೆ, ಒಳಗೆ ನಕಲಿ ‘ಅಲ್ಟಿಮೇಟ್’ ಓಡುತ್ತಿರುತ್ತದೆ. ನಿಧಾನವಾಯಿತೆಂದು ಗಿರಾಕಿ ಯಾವುದೋ ಅಂಗಡಿಗೆ ಕೊಟ್ಟ, ಅವರು ಕೈಯಲ್ಲಿದ್ದ ಪೆನ್ ಡ್ರೈವಿನಿಂದ ಹಾಕಿದರು. ಅವನು ಕಾಸು ಕೊಟ್ಟು ಕೊಂಡ ಲೈಸೆನ್ಸ್ ಅಲ್ಲೇ ಬೆನ್ನಿಗಂಟಿಕೊಂಡು ಸವೆಯುತ್ತಿತ್ತು.

ವಿಂಡೋಸ್ 8ರಿಂದ ಸ್ಟಿಕರಿನ ಗೋಜಿಲ್ಲ. ತಯಾರಕರು ಪ್ರತಿ ಯಂತ್ರದ ಕೀಯನ್ನು ಬಯೋಸ್ ಚಿಪ್ಪಿನೊಳಗೇ ಬರೆದಿರುತ್ತಾರೆ. ಅದೇ ಆವೃತ್ತಿಯ ಅಸಲಿ ವಿಂಡೋಸನ್ನು ಮೈಕ್ರೋಸಾಫ್ಟಿನ ತಾಣದಿಂದ ಪುಕ್ಕಟೆ ಇಳಿಸಿಕೊಂಡು ಹಾಕಿದರೆ ಅದು ಕೀಯನ್ನು ತಾನೇ ಓದಿಕೊಳ್ಳುತ್ತದೆ. ಇಷ್ಟಿದ್ದರೂ ಹೋಮ್ ಸಿಂಗಲ್ ಲ್ಯಾಂಗ್ವೇಜ್ ಜೊತೆ ಬಂದ ಯಂತ್ರಕ್ಕೆ ನಕಲಿ ‘ಪ್ರೊ’ ತುರುಕುವುದು ಇಂದಿಗೂ ನಡೆದಿದೆ, ಪ್ರೊ ಅಂದರೆ ಏನೋ ದೊಡ್ಡದು ಎಂಬ ಭ್ರಮೆಯಲ್ಲಿ.

7. ‘ಮೊದಲು ಆಂಟಿವೈರಸ್ ಆಫ್ ಮಾಡಿ’ ಎಂದರೆ ಅಲ್ಲಿಗೇ ನಿಲ್ಲಿಸಿ

ಎಕ್ಸ್‌ಪಿಯ ಸೋರಿದ ಕೀಗಳಿಂದ ಪಾಠ ಕಲಿತ ಮೈಕ್ರೋಸಾಫ್ಟ್ ವಿಸ್ಟಾದಿಂದ ದೊಡ್ಡ ಸಂಸ್ಥೆಗಳಿಗೂ ಆಕ್ಟಿವೇಶನ್ ಹಾಕಿತು. ಅದರಲ್ಲೊಂದು ಬಗೆ ಕೆಎಂಎಸ್. ಸಂಸ್ಥೆಯೊಳಗೆ ಒಂದು ಸರ್ವರ್ ಇರುತ್ತದೆ. ಕನಿಷ್ಠ 25 ಕಂಪ್ಯೂಟರುಗಳು ಅದನ್ನು ಕೇಳಿಕೊಂಡು ಬಂದ ಮೇಲಷ್ಟೆ ಅದು ಒಪ್ಪಿಗೆ ಕೊಡುತ್ತದೆ. ಆ ಒಪ್ಪಿಗೆ 180 ದಿನದ್ದು. ಕಂಪ್ಯೂಟರ್ ವಾರಕ್ಕೊಮ್ಮೆ ಸರ್ವರನ್ನು ಮುಟ್ಟಿ ನವೀಕರಿಸಿಕೊಳ್ಳುತ್ತದೆ. ಹೊಸ ಬಾಗಿಲು, ಬಂದದ್ದು ಹಳೆಯ ಗುಂಪೇ. ನಿಮ್ಮ ಯಂತ್ರದೊಳಗೇ ಒಂದು ಸುಳ್ಳು ಸರ್ವರನ್ನು ಕೂರಿಸುವ ‘ಆಕ್ಟಿವೇಟರ್’ಗಳು ಬಂದವು.

ಅವುಗಳ ಮೊದಲ ಸೂಚನೆಯೇ ಆಂಟಿವೈರಸ್ ಆರಿಸು ಎಂಬುದು. ಆಕ್ಟಿವೇಟರನ್ನು ವೈರಸ್ ಎಂದು ತಪ್ಪಾಗಿ ತಿಳಿಯುತ್ತದೆ, ಅದಕ್ಕೇ ಆರಿಸಬೇಕು ಎಂಬ ಸಮಜಾಯಿಷಿ ಬೇರೆ. ಯಂತ್ರದ ಪೂರ್ತಿ ಅಧಿಕಾರ ಕೊಟ್ಟು, ಕಾವಲು ತೆಗೆದು, ಊರು ಹೆಸರು ಗೊತ್ತಿಲ್ಲದವನ ಪ್ರೋಗ್ರಾಂ ಓಡಿಸುವುದು! 2021ರ ಡಿಸೆಂಬರಿನಲ್ಲಿ ರೆಡ್ ಕ್ಯಾನರಿ ಎಂಬ ಭದ್ರತಾ ಸಂಸ್ಥೆ, ಕೆಎಂಎಸ್‌ಪಿಕೋ ಎಂಬ ಜನಪ್ರಿಯ ಆಕ್ಟಿವೇಟರಿನ ಹೆಸರಲ್ಲಿ ಹರಿದಾಡುತ್ತಿದ್ದ ಇನ್‌ಸ್ಟಾಲರಿನೊಳಗೆ ಬ್ರೌಸರಿನ ಪಾಸ್‌ವರ್ಡ್ ಮತ್ತು ಕ್ರಿಪ್ಟೊ ವ್ಯಾಲೆಟ್ ಕದಿಯುವ ಕ್ರಿಪ್ಟ್‌ಬಾಟ್ ಇದ್ದುದನ್ನು ತೋರಿಸಿತು. ಅದಕ್ಕೂ ಮೊದಲು, 2012ರಲ್ಲಿ ಮೈಕ್ರೋಸಾಫ್ಟ್ ಬಹಿರಂಗಪಡಿಸಿದ ತನಿಖೆಯಲ್ಲಿ, ಚೀನಾದ ಅಂಗಡಿಗಳಿಂದ ಕೊಂಡ ಹೊಸ ಕಂಪ್ಯೂಟರುಗಳ ಪೈಕಿ ಐದರಲ್ಲೊಂದು ಡಬ್ಬ ಒಡೆಯುವ ಮುಂಚೆಯೇ ಸೋಂಕು ತಗುಲಿದ್ದಾಗಿತ್ತು. ನಕಲಿ ವಿಂಡೋಸ್ ಹಾಕುವಾಗಲೇ ಮಾಲ್‌ವೇರೂ ಸೇರಿಕೊಂಡಿತ್ತು.

ಬಳಸಿದ ಕಂಪ್ಯೂಟರ್ ಕೊಳ್ಳುವವರು ಇದೊಂದನ್ನು ನೋಡಿಕೊಳ್ಳಿ. ಕಮಾಂಡ್ ಪ್ರಾಂಪ್ಟಿನಲ್ಲಿ ಎಸ್‌ಎಲ್‌ಎಂಜಿಆರ್ ಎಂದು ಬರೆದು, ಜಾಗ ಬಿಟ್ಟು, ಓರೆಗೆರೆ ಎಳೆದು, ಡಿಎಲ್‌ಐ ಎಂದು ಸೇರಿಸಿ ಎಂಟರ್ ಒತ್ತಿದರೆ ಸಣ್ಣ ಕಿಟಕಿ ತೆರೆಯುತ್ತದೆ. ಅದರಲ್ಲಿ ಲೈಸೆನ್ಸಿನ ಬಗೆ ಇರುತ್ತದೆ. ‘ಒಇಎಂ’ ಎಂದಿದ್ದರೆ ಯಂತ್ರದ ಜೊತೆ ಬಂದದ್ದು, ‘ರೀಟೇಲ್’ ಎಂದಿದ್ದರೆ ಅಂಗಡಿಯಲ್ಲಿ ಬಿಡಿಯಾಗಿ ಕೊಂಡದ್ದು. ಮನೆಯಲ್ಲಿ ಬಳಸುತ್ತಿದ್ದ ಯಂತ್ರದಲ್ಲಿ ‘ವಾಲ್ಯೂಮ್ ಕೆಎಂಎಸ್ ಕ್ಲೈಂಟ್’ ಎಂದಿದ್ದು ಕೆಳಗೆ ಆರು ತಿಂಗಳ ಗಡುವು ಓಡುತ್ತಿದ್ದರೆ, ಮಾರುವವನು ಎಷ್ಟೇ ಆಣೆ ಇಟ್ಟರೂ ಆಕ್ಟಿವೇಟರ್ ಓಡಿದೆ ಎಂದೇ ಅರ್ಥ. ಸೆಟ್ಟಿಂಗ್ಸ್ ಪುಟದಲ್ಲಿ ‘ಆಕ್ಟಿವೇಟ್ ಆಗಿದೆ’ ಎಂದು ಕಾಣುವುದರಿಂದ ಏನೂ ಸಾಬೀತಾಗುವುದಿಲ್ಲ. ಅಂಥ ಯಂತ್ರದಲ್ಲಿ ಆಕ್ಟಿವೇಟರನ್ನು ಹುಡುಕಿ ಕೀಳುವ ಕೆಲಸವನ್ನು ನಾನು ಒಪ್ಪಿಕೊಳ್ಳುವುದಿಲ್ಲ. ಜೊತೆಗೆ ಏನೇನು ಒಳಬಂದಿದೆಯೋ ಯಾರು ಬಲ್ಲರು? ಡೇಟಾ ತೆಗೆದು, ಡಿಸ್ಕ್ ಪೂರ್ತಿ ಅಳಿಸಿ, ಮೊದಲಿನಿಂದ ಹಾಕುವುದೊಂದೇ ದಾರಿ.

8. ಕೆಲವು ನೂರು ರೂಪಾಯಿಯ ಕೀ

ಆನ್‌ಲೈನಿನಲ್ಲಿ ವಿಂಡೋಸ್ ಪ್ರೊ ಕೀ ಕೆಲವು ನೂರು ರೂಪಾಯಿಗೆ ಸಿಗುತ್ತದೆ, ಬಿಲ್ಲೂ ಕೊಡುತ್ತಾರೆ. ಬಹುಪಾಲು ಯಾವುದೋ ಸಂಸ್ಥೆಯ ವಾಲ್ಯೂಮ್ ಕೀಯನ್ನು ಚಿಲ್ಲರೆಯಾಗಿ ಮಾರುವುದು, ಇಲ್ಲವೆ ಗುಜರಿಗೆ ಹೋದ ಯಂತ್ರದ್ದು. ಇಂದು ಆಕ್ಟಿವೇಟ್ ಆಗುತ್ತದೆ, ಆ ಕೀ ಯಾವಾಗ ಕಪ್ಪುಪಟ್ಟಿಗೆ ಬೀಳುತ್ತದೋ ಅಂದಿಗೆ ಮುಗಿಯಿತು. ಬಿಲ್ಲು ಕೈಲಿದ್ದ ಮಾತ್ರಕ್ಕೆ ಲೈಸೆನ್ಸ್ ಇದ್ದಂತಾಗದು.

9. ಕಾನೂನು ಕಠಿಣವಾಗಿಯೇ ಇದೆ, ಜನ ಕಾಸು ಬಿಚ್ಚಿದ್ದು ಬೇರೆ ಕಾರಣಕ್ಕೆ

1957ರ ಕೃತಿಸ್ವಾಮ್ಯ ಕಾಯ್ದೆಯ 63ಬಿ ಕಲಂ ಓದಿದವರು ಕಡಿಮೆ. ಕಂಪ್ಯೂಟರ್ ಪ್ರೋಗ್ರಾಮಿನ ನಕಲಿ ಪ್ರತಿಯನ್ನು ತಿಳಿದೂ ಬಳಸಿದರೆ ಕನಿಷ್ಠ 7 ದಿನದಿಂದ 3 ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ. ಲಾಭಕ್ಕಾಗಿ ಅಥವಾ ವ್ಯಾಪಾರದಲ್ಲಿ ಬಳಸಿದ್ದಲ್ಲವಾದರೆ ನ್ಯಾಯಾಲಯ ಜೈಲು ಬಿಟ್ಟು 50 ಸಾವಿರದೊಳಗಿನ ದಂಡಕ್ಕೆ ನಿಲ್ಲಿಸಬಹುದು. ಮಾರುವವನನ್ನಷ್ಟೇ ಅಲ್ಲ, ಬಳಸುವವನನ್ನೂ ಹಿಡಿಯುವ ಕಲಂ ಇದು. ಕೊಂಡ ಪ್ರತಿ ಹಾಳಾದೀತೆಂದು ಒಂದು ಬ್ಯಾಕಪ್ ಮಾಡಿಟ್ಟುಕೊಳ್ಳಲು ಅದೇ ಕಾಯ್ದೆಯ 52ನೇ ಕಲಂ ಅವಕಾಶ ಕೊಡುತ್ತದೆ ಎಂಬುದನ್ನೂ ಹೇಳಿಬಿಡುತ್ತೇನೆ. ಇದನ್ನು ಕೇಳುವವರು ಬಹಳ.

ಇಂಥ ಕಲಂ ಇದ್ದೂ, ಸಾಫ್ಟ್‌ವೇರ್ ಕಂಪನಿಗಳ ಒಕ್ಕೂಟವಾದ ಬಿಎಸ್ಎ ಪ್ರಕಾರ ಭಾರತದಲ್ಲಿ ಲೈಸೆನ್ಸಿಲ್ಲದ ಸಾಫ್ಟ್‌ವೇರಿನ ಪಾಲು 2017ರಲ್ಲೂ 56% ಇತ್ತು. ಮಾರುವವರೇ ಹಾಕಿದ ಲೆಕ್ಕ ಎಂಬ ಎಚ್ಚರದಿಂದಲೇ ಓದಬೇಕು. ಆದರೂ ಕೌಂಟರಿನಿಂದ ನೋಡಿದವನಿಗೆ ಅತಿಯೆನಿಸುವುದಿಲ್ಲ.

ಹಾಗಾದರೆ ಜನ ಯಾವಾಗ ಕೊಂಡರು? ಮುದ್ರಣಾಲಯಗಳನ್ನು ನೋಡಿ. ಒಂದೇ ಕಂಪ್ಯೂಟರಿನಲ್ಲಿ ವಿಂಡೋಸ್ ನಕಲಿ, ಪೇಜ್‌ಮೇಕರ್ ನಕಲಿ, ಕೋರೆಲ್‌ಡ್ರಾ ನಕಲಿ, ಶ್ರೀಲಿಪಿ ಮಾತ್ರ ಅಸಲಿ. ಕನ್ನಡ ಅಕ್ಷರ ಮೂಡಿಸುವ ಆ ತಂತ್ರಾಂಶಕ್ಕೆ ಡಾಂಗಲ್ ಇತ್ತು, ಕಂಪ್ಯೂಟರಿನ ಹಿಂಭಾಗಕ್ಕೆ ಸಿಕ್ಕಿಸುವ ಬೆರಳುದ್ದದ ಗಟ್ಟಿ. ರಾತ್ರಿ ಪ್ರೆಸ್ ಮುಚ್ಚುವಾಗ ಮಾಲೀಕರು ಅದನ್ನು ಕಿತ್ತು ಬೀರುವಿನಲ್ಲಿಟ್ಟು ಹೋಗುತ್ತಿದ್ದರು. ಬೀಗ ಗಟ್ಟಿಯಾಗಿತ್ತು ಎಂದಷ್ಟೇ ಇದನ್ನು ಓದಬಾರದು. ಡಾಂಗಲ್ಲಿಗೂ ಮುರುಕು ದಾರಿಗಳಿದ್ದವು. ಆದರೆ ಮದುವೆ ಕಾಲದಲ್ಲಿ ಲಗ್ನಪತ್ರಿಕೆಯ ಅಕ್ಷರ ಕೈಕೊಟ್ಟರೆ ಫೋನೆತ್ತಿ ಕೇಳಲು ಡೀಲರ್ ಒಬ್ಬನಿದ್ದ. ಆ ಭರವಸೆಗೆ ಕಾಸು ಕೊಟ್ಟರು.

ನಮ್ಮ ಬೆಂಗಳೂರಿನದೇ ಆದ ಲೆಕ್ಕಪತ್ರ ತಂತ್ರಾಂಶ ಟ್ಯಾಲಿಯದು ಇನ್ನೂ ಸ್ಪಷ್ಟ ಉದಾಹರಣೆ. ಮಂಡಿಗಳಲ್ಲಿ, ಅಡಕೆ ವ್ಯಾಪಾರಿಗಳಲ್ಲಿ, ಆಡಿಟರ್ ಕಚೇರಿಗಳಲ್ಲಿ ಮುರಿದ ಟ್ಯಾಲಿ ವರ್ಷಗಟ್ಟಲೆ ಓಡಿತು. 2017ರ ಜುಲೈ 1ರಂದು ಜಿಎಸ್‌ಟಿ ಬಂತು. ದರ ಬದಲಾಯಿತು, ರಿಟರ್ನ್ ನಮೂನೆ ಬದಲಾಯಿತು, ಗಡುವು ಮುಂದೆ ಹೋಯಿತು, ಮತ್ತೆ ನಮೂನೆ ಬದಲಾಯಿತು. ಹೊಸ ಬಿಡುಗಡೆ ಸಿಗದ ಮುರಿದ ಪ್ರತಿಯಲ್ಲಿ ರಿಟರ್ನ್ ತುಂಬುವುದೆಂದರೆ ಕೈಯಲ್ಲಿ ಲೆಕ್ಕ ಬರೆದಂತೆಯೇ. ಯಾವ ದಾಳಿ, ಯಾವ ನೋಟಿಸೂ ಮಾಡದ್ದನ್ನು ಆ ಒಂದು ವರ್ಷ ಮಾಡಿತು, ನನ್ನ ಗಿರಾಕಿಗಳು ತಾವಾಗಿ ಲೈಸೆನ್ಸ್ ಕೇಳಿಕೊಂಡು ಬಂದರು. ಕೊಂಡ ಮೇಲೂ ಏನಾದರೂ ಬರುತ್ತಿರುತ್ತದೆ ಎಂದಾದರೆ ನಮ್ಮ ಜನ ಕೊಡುತ್ತಾರೆ, ಚೌಕಾಸಿ ಮಾಡಿಯಾದರೂ ಕೊಡುತ್ತಾರೆ. ವಿಂಡೋಸಿನ ವಿಷಯದಲ್ಲಿ ಕೊಟ್ಟವನಿಗೂ ಕೊಡದವನಿಗೂ ಪರದೆ ಒಂದೇ ಥರ ಕಾಣುತ್ತಿತ್ತು, ಕೊಟ್ಟವನಿಗೆ ಫೋನಿನ ಕಾಟ ಹೆಚ್ಚಿಗೆ.

10. ಲಿನಕ್ಸ್ ಹಾಕುವ ಮುನ್ನ ಗಿರಾಕಿಯ ಫೈಲುಗಳನ್ನು ನೋಡಿ

ಲಿನಕ್ಸಿನ ಒಂದು ಬಗೆಯಾದ ಉಬುಂಟುವಿನ ತಂಡ 2011ರವರೆಗೂ ಕೇಳಿದವರಿಗೆ ಅಂಚೆಯಲ್ಲಿ ಸಿಡಿ ಪುಕ್ಕಟೆ ಕಳಿಸುತ್ತಿತ್ತು. ಕೇರಳ ತನ್ನ ಸರ್ಕಾರಿ ಶಾಲೆಗಳನ್ನು ಪೂರ್ತಿ ಸ್ವತಂತ್ರ ತಂತ್ರಾಂಶಕ್ಕೆ ತಿರುಗಿಸಿತು. ಅಲ್ಲಿ ಆದದ್ದು ಇಲ್ಲೇಕೆ ಆಗಲಿಲ್ಲ ಎಂದು ಉತ್ಸಾಹಿಗಳು ನನ್ನನ್ನು ಕೇಳುತ್ತಾರೆ. ಅಲ್ಲಿ ಮೇಷ್ಟ್ರುಗಳಿಗೆ ತರಬೇತಿ ಕೊಟ್ಟು, ಪಠ್ಯಪುಸ್ತಕವನ್ನೇ ಅದರ ಮೇಲೆ ಬರೆದರು. ಇಲ್ಲಿ ಒಬ್ಬ ಪತ್ರಬರಹಗಾರನ ಕಂಪ್ಯೂಟರಿಗೆ ಲಿನಕ್ಸ್ ಹಾಕಿದರೆ, ಹಳೆಯ ನುಡಿ ಎನ್‌ಕೋಡಿಂಗಿನಲ್ಲಿರುವ ಅವನ ಹತ್ತು ವರ್ಷದ ಕ್ರಯಪತ್ರ, ಭೋಗ್ಯಪತ್ರಗಳ ಮಾದರಿಗಳು ಗೋಜಲು ಅಕ್ಷರಗಳಾಗಿ ಕಾಣುತ್ತವೆ. ಟ್ಯಾಲಿ ಬೇಕೆನ್ನುವವನಿಗೆ ವಿಂಡೋಸೇ ಬೇಕು. ಬ್ರೌಸರ್, ವಿಡಿಯೊ, ಮಕ್ಕಳ ಓದು ಇಷ್ಟಕ್ಕೇ ಸೀಮಿತವಾದ ಮನೆಗೆ ಮಾತ್ರ ಧೈರ್ಯವಾಗಿ ಹಾಕಿಕೊಡುತ್ತೇನೆ, ಕನ್ನಡ ಮೊದಲ ದಿನವೇ ಸರಿಯಾಗಿ ಕಾಣುತ್ತದೆ.

11. ಬೀಗ ಸಡಿಲವಾಗಿದೆ, ಯಂತ್ರ ಹಳತಾಗಿದೆ

ವಿಂಡೋಸ್ 10 ಬಂದ ಮೇಲೆ ಗದರಿಕೆ ಕಡಿಮೆಯಾಯಿತು. ಆಕ್ಟಿವೇಟ್ ಮಾಡದಿದ್ದರೆ ಮೂಲೆಯಲ್ಲಿ ಮಸುಕು ಬರಹ, ವಾಲ್‌ಪೇಪರ್ ಬದಲಾಯಿಸುವ ಪುಟಕ್ಕೆ ತಡೆ, ಅಷ್ಟೆ. ಭದ್ರತಾ ತೇಪೆಗಳು ಬರುತ್ತಲೇ ಇರುತ್ತವೆ. ಅಸಲಿ 7 ಮತ್ತು 8 ಇದ್ದವರಿಗೆ ಪುಕ್ಕಟೆ ಬಡ್ತಿ ಕೊಡುವ ಯೋಜನೆ 2016ರ ಜುಲೈಗೆ ಅಧಿಕೃತವಾಗಿ ಮುಗಿದರೂ ಆ ಹಳೆಯ ಕೀಗಳು 2023ರ ಸೆಪ್ಟೆಂಬರಿನವರೆಗೂ ನಡೆದವು. ಬೆನ್ನಿನ ಸ್ಟಿಕರನ್ನು ಫೋಟೊ ತೆಗೆದಿಟ್ಟುಕೊಂಡಿದ್ದವರು ಗೆದ್ದರು. ಲೈಸೆನ್ಸ್ ಈಗ ಕಂಪನಿಯ ಸರ್ವರಿನಲ್ಲಿ ದಾಖಲಾಗುತ್ತದೆ, ಮೈಕ್ರೋಸಾಫ್ಟ್ ಅಕೌಂಟಿಗೆ ಜೋಡಿಸಿದ್ದರೆ ಬೋರ್ಡ್ ಬದಲಾದಾಗಲೂ ಮರಳಿ ಪಡೆಯಲು ದಾರಿಯಿದೆ. ಹಾಗಾಗಿ ಬೋರ್ಡಿಗೆ ಕೈಹಾಕುವ ಮುನ್ನ ಅಕೌಂಟ್ ಜೋಡಿಸಿದ್ದಾರೋ ಎಂದು ಕೇಳಿ. ಆ ಯಂತ್ರ ಸತ್ತ ಮೇಲೆ ಕೇಳಿ ಉಪಯೋಗವಿಲ್ಲ.

ಸದ್ಯ ಅಂಗಡಿಗೆ ಬರುವ ಪ್ರಶ್ನೆ ಕೀಯದಲ್ಲ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಂತಿತು. 11ಕ್ಕೆ ಹೋಗೋಣವೆಂದರೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಯಂತ್ರದಲ್ಲಿರಬೇಕು, ಇಂಟೆಲ್ ಆದರೆ ಎಂಟನೇ ತಲೆಮಾರಿನ ಪ್ರೊಸೆಸರಾದರೂ ಬೇಕು. ಪಕ್ಕಾ ಅಸಲಿ ಲೈಸೆನ್ಸ್ ಇರುವ, ಚೆನ್ನಾಗಿ ಓಡುತ್ತಿರುವ ಏಳನೇ ತಲೆಮಾರಿನ ಲ್ಯಾಪ್‌ಟಾಪ್ ಹೊರಗುಳಿಯುತ್ತದೆ. ತಪಾಸಣೆ ದಾಟಿಸಿ ಕಟ್ಟಿದ ವಿಂಡೋಸ್ 11 ಈಗಾಗಲೇ ಪೆನ್ ಡ್ರೈವುಗಳಲ್ಲಿ ತಿರುಗಾಡುತ್ತಿದೆ, ಅದರಲ್ಲಿ ಏನೇನನ್ನು ಕತ್ತರಿಸಿದ್ದಾರೆ, ಏನೇನನ್ನು ಸೇರಿಸಿದ್ದಾರೆ ಎಂಬುದು ಕಟ್ಟಿದವನಿಗೇ ಗೊತ್ತು. ಮನೆ ಬಳಕೆಯ ವಿಂಡೋಸ್ 10ಕ್ಕೆ 2026ರ ಅಕ್ಟೋಬರ್ 13ರವರೆಗೆ ಭದ್ರತಾ ತೇಪೆ ಕೊಡುವ ಯೋಜನೆಯೊಂದಿದೆ. ಅಪ್‌ಡೇಟ್ ಪುಟದಲ್ಲೇ ಅದಕ್ಕೆ ಹೆಸರು ನೋಂದಾಯಿಸಬಹುದು. ಕೇಳಿದವರಿಗೆ ಸದ್ಯ ಅದನ್ನು ಮಾಡಿಕೊಡುತ್ತಿದ್ದೇನೆ. ಐದು ನಿಮಿಷದ ಕೆಲಸ, ಚಾರ್ಜ್ ತೆಗೆದುಕೊಳ್ಳುವುದಿಲ್ಲ.